ಗುಂಬದಲ್ಲಿ ಕರೆಂಟಿದ್ದ ಸೈಕಲ್ಲು

ಕೆಲವು ವಸ್ತುಗಳು ನಿಜವಾಗಿ ಕೆಟ್ಟಿರುವುದಿಲ್ಲ, ಯಾರಾದರೂ ನೋಡುತ್ತಿರುವಾಗ ಮಾತ್ರ ಕೆಡುತ್ತವೆ. ದಿನವೂ ಸುಮ್ಮನೆ ನಿಂತು ಹಾಲು ಕೊಡುವ ಹಸು, ಕೊಳ್ಳುವವನು ಬಂದ ದಿನ ತಪ್ಪದೆ ಒದೆಯುತ್ತದೆ. ಮನುಷ್ಯರಲ್ಲೂ ಇಂಥವರಿದ್ದಾರೆ ಮಕ್ಕಳೇ, ನಿಮ್ಮ ಅಜ್ಜಿಯೇ ಒಬ್ಬಳು. ಲೊಕ್ಕನಹಳ್ಳಿ ಶಾಲೆಯಲ್ಲಿ ಓದುವಾಗ ಚಿಕ್ಕ ತರಗತಿಯವರಿಗೆ ಮಗ್ಗಿ ಹೇಳಿಕೊಡುತ್ತಿದ್ದವಳು ನಾನು. ಇನ್ಸ್‌ಪೆಕ್ಟರು ಬಂದ ದಿನ ಅವರು ಕೇಳಿದ್ದು ನನ್ನ ಹೆಸರನ್ನಷ್ಟೇ. ನಾನು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತೆ. ಕೊನೆಗೆ ನನ್ನ ಹೆಸರನ್ನು ಮೇಷ್ಟ್ರೇ ಹೇಳಬೇಕಾಯಿತು. ಮದುವೆಯಾಗಿ ಕೊಳ್ಳೇಗಾಲದ ಮಗ್ಗುಲ ಹಳ್ಳಿಗೆ ಬಂದ ಮೇಲೆ ಈ ಗುಣ ನನಗೆ ಬಹಳ ಅನುಕೂಲವಾಯಿತು. ಗಂಡನ ಅಣ್ಣನ ಎದುರಿಗೆ ಹೆಂಗಸರು ಮಾತಾಡಬಾರದು ಎನ್ನುವ ಮನೆ ಅದು. ಉಳಿದವರು ಕಷ್ಟಪಟ್ಟು ಪಾಲಿಸುತ್ತಿದ್ದ ನಿಯಮ ನನಗೆ ಹುಟ್ಟಿನಿಂದಲೇ ಬಂದಿತ್ತು.

ಈಗ ಸೈಕಲ್ಲಿನ ವಿಷಯ. ನಿಮ್ಮ ತಾತ ಬದುಕಿದ್ದಾಗ ಮಿಷನ್ ಆಸ್ಪತ್ರೆಯೊಂದಕ್ಕೆ ಹಾಲು ಹಾಕುತ್ತಿದ್ದರು. ಅಲ್ಲಿದ್ದ ಪರದೇಶದ ನರ್ಸಮ್ಮ ತಮ್ಮ ದೇಶಕ್ಕೆ ಹಿಂತಿರುಗುವಾಗ ತಮ್ಮ ಲೇಡೀಸ್ ಸೈಕಲ್ಲನ್ನು ಅವರಿಗೆ ಕೊಟ್ಟು ಹೋದರು. ಮುಂದೆ ಬಟ್ಟಲಿನಷ್ಟು ದೊಡ್ಡ ದೀಪ. ಮುಂದಿನ ಗಾಲಿಯ ಗುಂಬವಂತೂ, ಅಂದರೆ ಕಡ್ಡಿಗಳೆಲ್ಲ ಸೇರುವ ನಡುಭಾಗ, ಸಣ್ಣ ಚೊಂಬಿನಷ್ಟು ದಪ್ಪ. ದೀಪಕ್ಕೆ ಅಲ್ಲಿಂದಲೇ ಒಂದು ವೈರು ಹೋಗಿತ್ತು. ತಾತ ಹಾಲಿಗೆ ಹೋಗುತ್ತಿದ್ದದ್ದು ಹಗಲಿನಲ್ಲಿ, ದೀಪದ ಗೊಡವೆಗೆ ಹೋದವರಲ್ಲ. ಆಗಿನ ಸೈಕಲ್ಲುಗಳಿಗೆ ಡೈನಮೋ ಎಂದು ಸೀಸೆಯಂಥದ್ದೊಂದು ಇರುತ್ತಿತ್ತು. ಅದು ಟೈರಿಗೆ ಉಜ್ಜಿಕೊಂಡು ಗುಯ್ಯೆನ್ನುತ್ತಾ ದೀಪ ಉರಿಸುವುದನ್ನು ಊರಿನ ಎಲ್ಲರೂ ಬಲ್ಲರು. ನಮ್ಮ ಸೈಕಲ್ಲಿಗೆ ಆ ಸೀಸೆ ಇರಲಿಲ್ಲ. ಆದ್ದರಿಂದ ಆ ದಪ್ಪ ಗುಂಬದೊಳಗೆ ಟಾರ್ಚಿನಲ್ಲಿರುವಂತೆ ಸೆಲ್ಲುಗಳಿವೆ ಎಂದು ಇಡೀ ಮನೆ ತೀರ್ಮಾನಿಸಿತ್ತು. ನಾನೂ ತೀರ್ಮಾನಿಸಿದ್ದೆ, ಮನಸ್ಸಿನಲ್ಲೇ.

ತಾತ ತೀರಿಕೊಂಡ ಮೇಲೆ ಸೈಕಲ್ಲು ಗೋಡೆಗೊರಗಿ ನಿಂತಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ನಿಮ್ಮವ್ವ ಸುಶೀಲ ಕೊಳ್ಳೇಗಾಲಕ್ಕೆ ಟೈಪಿಂಗ್ ಕಲಿಯಲು ಹೋಗುತ್ತೇನೆಂದು ಹಟ ಹಿಡಿದಳು. ಜಾಗ ಸಿಕ್ಕಿದ್ದು ಸಂಜೆಯ ತರಗತಿಯಲ್ಲಿ, ವಾಪಸು ಬರುವಾಗ ಕತ್ತಲಾಗುತ್ತಿತ್ತು. ಮನೆಯ ಯಜಮಾನಿಕೆ ನಿಮ್ಮ ದೊಡ್ಡ ತಾತನದು, ನನ್ನ ಭಾವನವರದು. ಅವರು ಒಪ್ಪಿದರು, ಆದರೆ ಸೈಕಲ್ಲಿನ ದೀಪ ಉರಿಯಬೇಕು ಎಂಬ ಒಂದೇ ಷರತ್ತು ಹಾಕಿದರು. ಕೆರೆ ಏರಿಯ ಮೇಲೆ ಬರಬೇಕು, ಒಂದು ಕಡೆ ನೀರು, ಒಂದು ಕಡೆ ಹಳ್ಳ. ಅವರ ಮಾತು ತಪ್ಪೆಂದು ಇವತ್ತಿಗೂ ಹೇಳಲಾರೆ.

ಸುಶೀಲ ದಿನವೂ ಮನೆಗೆ ಬರುವ ಹೊತ್ತಿಗೆ ದೀಪ ಆರಿರುತ್ತಿತ್ತು. ಜಗಲಿಯ ಮೇಲೆ ಕೂತ ಭಾವನವರು ಅದನ್ನು ದಿನವೂ ನೋಡುತ್ತಿದ್ದರು. “ದಾರಿ ಉದ್ದಕ್ಕೂ ಉರೀತಿತ್ತು ದೊಡ್ಡಪ್ಪ” ಎಂದು ಅವಳು. “ಇಲ್ಗಂಟ ಉರುದು ಇಲ್ಲಿ ಆರೋಯ್ತು ಅಂದ್ರೆ ಸೆಲ್ಲು ವೀಕಾಗ್ಯದೆ ಕೂಸು. ಇವತ್ತು ಬೀದೀಲಿ ಆರ್ತದೆ, ನಾಳೆ ಏರಿ ಮ್ಯಾಲೆ ಆರ್ತದೆ” ಎಂದು ಅವರು. ಆಮೇಲೆ ಹೆಂಡತಿಯ ಕಡೆ ತಿರುಗಿ, “ನಿನ್ ತಂಗಿಗೇಳು. ಅಮಾಸೆಗಂಟ ಓಗ್ಲಿ. ಅಷ್ಟ್ರೊಳ್ಗೆ ಲೈಟು ಸರಿ ಮಾಡುಸ್ನಿಲ್ಲ ಅಂದ್ರೆ ಟೈಪಿಂಗ್ ಸಾಕು” ಎಂದರು. ಆ ತಂಗಿ ಎಂದರೆ ಅವರ ಓರಗಿತ್ತಿಯಾದ ನಾನು, ಬಾಗಿಲ ಹಿಂದೆಯೇ ಇದ್ದೆ. ಅಕ್ಕ ಎದ್ದು ಬಂದು, ನಾನು ಕೇಳಿಸಿಕೊಂಡದ್ದನ್ನೆಲ್ಲ ಮತ್ತೊಮ್ಮೆ ನನಗೆ ಹೇಳಿದರು. ನಾನೂ ಹೊಸದಾಗಿ ಕೇಳಿದವಳಂತೆ ತಲೆಯಾಡಿಸಿದೆ. ನಮ್ಮ ಮನೆಯ ಪದ್ಧತಿ ಅದು.

ಸೈಕಲ್ಲನ್ನು ತಳ್ಳಿಕೊಂಡು ಕೊಳ್ಳೇಗಾಲದ ಸೈಕಲ್ ಶಾಪಿಗೆ ನಾನೇ ಹೋದೆ. ಮೊದಲು ಅಂಗಡಿಯ ಮುಂದೆ ಸುಮ್ಮನೆ ನಿಂತೆ. ಅಂಗಡಿಯವನು ಬೇರೆ ಎಲ್ಲರ ಪಂಕ್ಚರು ಮುಗಿಸಿ ತಲೆಯೆತ್ತಿ, “ಗಾಳಿ ಒಡೀಬೇಕಾ ಅವ್ವ?” ಎಂದ. ಬೇಡವೆನ್ನಲು ನಾಚಿಕೆಯಾಗಿ ಎರಡು ಗಾಲಿಗೂ ಗಾಳಿ ಹೊಡೆಸಿಕೊಂಡೆ. ಆಮೇಲೆ ಧೈರ್ಯ ಮಾಡಿ ಗುಂಬವನ್ನು ತೋರಿಸಿ, ಸೆಲ್ಲು ಬದಲಾಯಿಸಬೇಕಂತೆ ಎಂದೆ. ಅವನು ಕೂತು ನೋಡಿದ, ಬಗ್ಗಿ ನೋಡಿದ, ಸ್ಪಾನರಿನಿಂದ ಮೆಲ್ಲಗೆ ತಟ್ಟಿ ಕಿವಿ ಕೊಟ್ಟ. “ಸೆಲ್ಲಾಕೋ ಬಾಗ್ಲೇ ಇಲ್ವಲ್ಲವ್ವ ಇದ್ರಲ್ಲಿ. ಬಿಚ್ಚುದ್ರೆ ಬಿಚ್ಬುಡ್ತೀನಿ, ಆಮೇಕೆ ನೀವು ಆಳಾದ ಗಾಲಿ ತಲೆ ಮ್ಯಾಲೆ ಒತ್ಕಂಡು ಓಗ್ಬೇಕು ಅಷ್ಟೆಯ.” ನಾನು ಬಿಚ್ಚಬೇಡ ಎಂದೆ. ಅವನು ಹೊಸ ಬಲ್ಬು ಹಾಕಿ, ವೈರಿನ ತುದಿ ಕೆರೆದು ಬಿಗಿಮಾಡಿಕೊಟ್ಟ. ಮನೆಗೆ ತಂದು ಸ್ಟ್ಯಾಂಡು ಹಾಕಿ ದೀಪದ ಗುಂಡಿ ಒತ್ತಿದೆ. ಹೊಸ ಬಲ್ಬು ಹಳೆಯದರಷ್ಟೇ ಕತ್ತಲಾಗಿತ್ತು. ಗಾಜನ್ನು ಬೂದಿ ಹಾಕಿ ಉಜ್ಜಿದೆ. ಗುಂಬವನ್ನು ಬಿಸಿಲಿಗೆ ತಿರುಗಿಸಿ ಇಟ್ಟೆ, ಟಾರ್ಚಿನ ಸೆಲ್ಲನ್ನು ಬಿಸಿಲಿಗಿಟ್ಟರೆ ಸ್ವಲ್ಪ ಜೀವ ಬರುತ್ತದಲ್ಲ, ಹಾಗೆ. ಏನೂ ಆಗಲಿಲ್ಲ.

ಅಮಾವಾಸ್ಯೆ ಹತ್ತಿರವಾಗುತ್ತಾ ಬಂತು. ಒಂದು ಸಂಜೆ ಮನೆಯಲ್ಲಿ ಇರಲಾರದೆ ಊರಾಚೆ ಕೆರೆ ಏರಿಯ ಬುಡಕ್ಕೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಏರಿಯ ಮೇಲೆ ಬೆಳ್ಳಗೆ ಒಂದು ದೀಪ ಬಂತು. ಇಷ್ಟು ಚೆನ್ನಾಗಿ ಉರಿಯುವ ದೀಪ ನಮ್ಮದಾಗಿರಲಾರದು, ಯಾರೋ ಗಂಡಸು ಬರುತ್ತಿದ್ದಾನೆ ಎಂದುಕೊಂಡು ತಲೆತುಂಬ ಸೆರಗು ಹೊದ್ದು, ಪಕ್ಕಕ್ಕೆ ಸರಿದು ಬೆನ್ನು ತಿರುಗಿಸಿ ನಿಂತೆ. ಸೈಕಲ್ಲು ನನ್ನ ಹತ್ತಿರವೇ ನಿಂತಿತು.

“ಯಾಕವ್ವ, ನನ್ನ ನೋಡಿ ಸೆರಗು ಒದ್ಕಂಡಿದ್ದೀ?” ಎಂದಳು ಸುಶೀಲ.

ತಿರುಗಿ ನೋಡಿದರೆ ದೀಪ ಆರಿತ್ತು. “ಈಗ ಉರೀತಿತ್ತಲ್ಲ” ಎಂದೆ. “ಅದ್ನೇ ಕಣವ್ವ ನಾನು ಬಡ್ಕತಾ ಇರೋದು” ಎಂದಳು. ಹತ್ತು ಎಂದೆ. ಹತ್ತಿ ತುಳಿದಳು, ದೀಪ ಹೊತ್ತಿಕೊಂಡಿತು. ಇಳಿ ಎಂದೆ. ಇಳಿದಳು, ಆರಿತು. ವೀಕಾದ ಸೆಲ್ಲು ಹೀಗೆ ಹೇಳಿದ ಹಾಗೆ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಸೈಕಲ್ಲನ್ನು ಅವಳ ಕೈಯಿಂದ ತೆಗೆದುಕೊಂಡು ತಳ್ಳಿದೆ. ಬಲ್ಬಿನೊಳಗೆ ಬೀಡಿಯ ತುದಿಯಷ್ಟು ಕೆಂಪು ಕಂಡಿತು. ಬೇಗ ತಳ್ಳಿದೆ, ಕೆಂಪು ಹಳದಿಯಾಯಿತು. ಆಮೇಲೆ, ಹೇಳಲು ಸಂಕೋಚವಾಗುತ್ತದೆ, ಸೆರಗು ಸಿಕ್ಕಿಸಿಕೊಂಡು ಓಡಿದೆ. ಮದುವೆಯಾದ ಮೇಲೆ ನಾನು ಓಡಿದ್ದು ಅದೇ ಮೊದಲು. ಮುಂದೆ ದಾರಿಯೆಲ್ಲ ಬೆಳ್ಳಗಾಯಿತು. ರೇಷ್ಮೆ ನೂಲು ಬಿಚ್ಚುವ ರಾಟೆ ನೆನಪಿಗೆ ಬಂತು. ತಿರುಗಿಸಿದರೆ ಎಳೆ ಬರುತ್ತದೆ, ನಿಲ್ಲಿಸಿದರೆ ಎಳೆಯೂ ನಿಲ್ಲುತ್ತದೆ. ಗುಂಬದಲ್ಲಿ ಸೆಲ್ಲೂ ಇಲ್ಲ, ಏನೂ ಕೂಡಿಟ್ಟಿಲ್ಲ. ಗಾಲಿಯೇ ಬೆಳಕನ್ನು ಆಗಿಂದಾಗ್ಗೆ ಬಿಚ್ಚಿಕೊಡುತ್ತಿದೆ.

ಹಾಗಾದರೆ ಮನೆಯ ಮುಂದೆ ಏಕೆ ಆರುತ್ತಿತ್ತು? ಅದು ನಮ್ಮಿಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಹಿರಿಯರು ಜಗಲಿಯ ಮೇಲೆ ಕೂತಿರುವಾಗ ಅವರ ಎದುರು ಸೈಕಲ್ಲಿನ ಮೇಲೆ ಹೋಗಬಾರದು. ಬೀದಿಯ ತಿರುವಿನಲ್ಲೇ ಇಳಿದು, ತಲೆ ತಗ್ಗಿಸಿ ಮೆಲ್ಲಗೆ ತಳ್ಳಿಕೊಂಡು ಬರಬೇಕು. ನಾನೇ ಅವಳಿಗೆ ಕಲಿಸಿದ್ದು. ದೊಡ್ಡಪ್ಪನಿಗೆ ಮರ್ಯಾದೆ ಕೊಡಲು ಅವಳು ಇಳಿಯುತ್ತಿದ್ದಳು, ಇಳಿದದ್ದಕ್ಕೆ ದೀಪ ಆರುತ್ತಿತ್ತು, ದೀಪ ಆರಿದ್ದಕ್ಕೆ ದೊಡ್ಡಪ್ಪ ಕ್ಲಾಸು ಬಿಡಿಸುವವರಿದ್ದರು.

ರಾತ್ರಿ ಅಕ್ಕನ ಮೂಲಕ ಹೇಳಿಸಿದೆ. “ತಳ್ಕಂಡು ಬಂದ್ರೆ ಉರಿಯಾಕಿಲ್ವಂತೆ, ಕೂತ್ಕಂಡು ತುಳುದ್ರೆ ಉರೀತದಂತೆ” ಎಂದರು ಅಕ್ಕ. ಭಾವನವರು ಎಲೆ ಅಡಿಕೆ ಅಗಿಯುತ್ತಾ, “ಹಂಗಾರೆ ನನ್ ಮುಂದೆ ಕೂತ್ಕಂಡೇ ಓಗ್ಬೇಕಾ?” ಎಂದರು.

ಮಾರನೆಯ ದಿನ ಅಮಾವಾಸ್ಯೆ. ಭಾವನವರು ಎಂದಿನಂತೆ ಜಗಲಿಯ ಮೇಲೆ, ನಾನು ಎಂದಿನಂತೆ ಬಾಗಿಲ ಹಿಂದೆ. ತಿರುವಿನಲ್ಲಿ ದೀಪ ಕಾಣಿಸಿತು. ಸುಶೀಲ ದೊಡ್ಡಪ್ಪನನ್ನು ನೋಡಿದಳು, ತುಳಿಯುವುದು ನಿಲ್ಲಿಸಿದಳು. ದೀಪ ಕೆಂಪಗಾಯಿತು. ಅವಳ ಒಂದು ಕಾಲು ನೆಲಕ್ಕೆ ಚಾಚಿತು.

“ಇಳೀಬ್ಯಾಡ ಕಣವ್ವ, ತುಳಿ” ಎಂದು ಯಾರೋ ಕೂಗಿದರು. ಬೀದಿಯೆಲ್ಲ ಕೇಳುವಂಥ ಗಂಟಲು. ಅಕ್ಕ ತಿರುಗಿ ನನ್ನನ್ನು ನೋಡಿದ ಮೇಲೆಯೇ ಅದು ನನ್ನದೆಂದು ನನಗೆ ತಿಳಿದದ್ದು.

ಸುಶೀಲ ತುಳಿದಳು. ಬೆಳಕು ಜಗಲಿಯ ಕಂಬದ ಮೇಲೆ ಹಾದು, ಭಾವನವರ ಪಂಚೆಯ ಮೇಲೆ, ವಿಭೂತಿ ಹಚ್ಚಿದ ಹಣೆಯ ಮೇಲೆ ಹಾದು, ಬೀದಿಯ ಕೊನೆಯವರೆಗೂ ಹೋಯಿತು. ಅವರು ಕಣ್ಣು ಕಿರಿದು ಮಾಡಿ ಕೂತಿದ್ದರು. ಆಮೇಲೆ ಹೆಂಡತಿಗೆ, “ನಿನ್ ತಂಗೀಗೆ ಗಂಟ್ಲದೆ ಅಂತ ಗೊತ್ತೇ ಇರ್ನಿಲ್ಲ” ಎಂದರು. ಎದ್ದು ಪಂಚೆ ಕೊಡವಿಕೊಂಡು, “ನಾಳಿಂದ ಕೂಸು ಬರೋ ಹೊತ್ಗೆ ನಾನೇ ಒಳೀಕೋಗಿ ಕೂತ್ಕತೀನಿ. ನಾನಿಲ್ದಿದ್ರೆ ಇಳಿಯೋ ಮಾತೆಲ್ಲಿ ಬಂತು” ಎಂದರು. ಹಾಗೆಯೇ ನಡೆದುಕೊಂಡರು. ನಿಮ್ಮವ್ವನ ಪರೀಕ್ಷೆ ಮುಗಿಯುವವರೆಗೂ ಸಂಜೆ ಸೈಕಲ್ಲಿನ ಹೊತ್ತಾದರೆ, ಊರಿಗೆ ಹಿರಿಯರಾದ ಅವರು ಜಗಲಿ ಬಿಟ್ಟು ನಡುಮನೆಗೆ ಬಂದು ಕೂರುತ್ತಿದ್ದರು.

ಅದರಿಂದ ನನಗೊಂದು ತೊಂದರೆಯೂ ಆಯಿತು. ನಡುಮನೆಯಲ್ಲಿ ಕೂತರೆ ಅವರಿಗೆ ಬೀದಿ ಕಾಣುವುದಿಲ್ಲ, ದೀಪ ಉರಿಯಿತೋ ಇಲ್ಲವೋ ಯಾರಾದರೂ ಹೇಳಬೇಕು. ಮೊದಲ ದಿನ ಅಕ್ಕ ಹಿತ್ತಲಿನಲ್ಲಿದ್ದರು. ಗಂಟಲಿರುವವಳೆಂದು ನನಗೆ ಹೆಸರು ಬಂದಿತ್ತಲ್ಲ, ಭಾವನವರು ಮೊದಲ ಬಾರಿಗೆ ನೇರವಾಗಿ ನನ್ನನ್ನೇ ಕೇಳಿದರು. “ಉರೀತಾ?” ನಾನು ಬಾಗಿಲ ಹಿಂದೆ ನಿಂತು ಹೌದೆಂದು ಜೋರಾಗಿ ತಲೆಯಾಡಿಸಿದೆ. ಬಾಗಿಲ ಹಿಂದೆ ಆಡಿಸಿದ ತಲೆ ಯಾರಿಗೂ ಕಾಣುವುದಿಲ್ಲವೆಂದು ಹೊಳೆದದ್ದು, ಅವರು ಎರಡನೆಯ ಸಲ ಕೇಳಿದಾಗ. ಆಗ ಕೆಮ್ಮಿದೆ.