ಪಾರಿಸಪ್ಪನ ಬಹುಮತ

ದಿಲ್ಲಿಯ ರಾಜಕಾರಣ ಬಲ್ಲವರು ನಾಡಿನಲ್ಲಿ ಬೇಕಾದಷ್ಟಿದ್ದಾರೆ. ಅವರೆದುರು ಬನಹಟ್ಟಿಯ ಒಂದು ಓಣಿಯ ಸಂಗತಿ ಹೇಳಹೊರಡುವುದು ಉದ್ಧಟತನವೇ ಸರಿ. ತಪ್ಪಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು. ಏಕೆಂದರೆ ಇದು ಹೊಟ್ಟೆಗೆ ಏನೂ ಹಾಕಿಕೊಳ್ಳಲಾಗದ ಒಬ್ಬನ ಕತೆ.

ಲೋಕಸಭೆಯ ಮತ ಎಣಿಕೆಯ ದಿನ ಬೆಳಿಗ್ಗೆ ಏಳಕ್ಕೆ ನೂಲಿನ ವ್ಯಾಪಾರಿ ಪಾರಿಸಪ್ಪ ಬಸದಿಗೆ ಹೋಗಿ ಬಂದು ಮನೆಯ ಕಟ್ಟೆಯ ಮೇಲೆ ಕೂತ. ಒಳಗೆ ಹೆಂಡತಿ ಶಾಂತವ್ವ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಇನ್ನೆರಡು ನಿಮಿಷ ಅವನು ಸುಮ್ಮನಿದ್ದಿದ್ದರೆ ಅವಲಕ್ಕಿ ಅವನದಾಗುತ್ತಿತ್ತು. ಆದರೆ ಪಕ್ಕದ ಮನೆಯ ಮಾಳಿಂಗರಾಯ ತನ್ನ ಆಡುಗಳಿಗೆ ತಪ್ಪಲು ಹಾಕುತ್ತ ಬಾಯಿ ತೆರೆದ.

“ಈ ಸಲ ಯಾರಿಗೂ ಪೂರಾ ಬರಾಂಗಿಲ್ಲ ನೋಡಲೇ ಪಾರಿಸಾ. ನಾಕ ಪಕ್ಷ ಕೂಡಿ ಕಿಚಡಿ ಸರಕಾರನ ಗತಿ.”

“ಕಿಚಡಿ ನಿಮ್ಮ ಮನ್ಯಾಗ ಮಾಡ್ಕೋ!” ಪಾರಿಸಪ್ಪ ಎದ್ದು ನಿಂತ. ಮೂರು ದಿನಗಳಿಂದ ಟೀವಿಯವರು ಅವನಿಗೆ ಅಭಯ ಕೊಟ್ಟಿದ್ದರು. “ಹತ್ತು ಗಂಟೆದಾಗ ನಮ್ಮ ಒಂದ ಪಕ್ಷಕ್ಕ ಬಹುಮತ ಬರತೈತಿ. ಬರೂತನಕ ಒಂದ ತುತ್ತ ಬಾಯಾಗ ಹಾಕಾಂಗಿಲ್ಲ. ನಿಯಮ!”

ಎದುರುಮನೆಯ ಮಾಯವ್ವ ಸೊಂಟದ ಕೊಡ ಕೆಳಗಿಳಿಸಿದಳು. ಪೇಪರು ಓದುತ್ತಿದ್ದ ನಿವೃತ್ತ ಶಶಿಕಾಂತ ಮಾಸ್ತರರು ಕನ್ನಡಕ ಮೇಲೇರಿಸಿದರು. ಪಾರಿಸಪ್ಪ ಬೇರೆ ಮಾತು ಮುರಿದಾನು, ನಿಯಮ ಅಂದದ್ದನ್ನು ಮುರಿಯುವವನಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು. ಅದಲ್ಲದೆ ಜೈನರ ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ.

ಹತ್ತು ಹೊಡೆಯಿತು. ಅವನ ಪಕ್ಷದ ಸಂಖ್ಯೆ ಇನ್ನೂರಾ ಎಪ್ಪತ್ತೆರಡರ ಕಡೆ ಹೊರಟದ್ದು, ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಗಾಡಿಗಳ ನಡುವೆ ಸಿಕ್ಕಿಬಿದ್ದ ಬಸ್ಸಿನಂತೆ ನಿಂತುಬಿಟ್ಟಿತು. ಹಾರ್ನ್ ಜೋರು, ಚಕ್ರ ಮಾತ್ರ ಅಲ್ಲೇ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಓಣಿ ಅವನ ಟೀವಿಯ ಮುಂದಿತ್ತು. ಗೆಲುವಿನ ಸಂತೋಷಕ್ಕೆಂದು ಅವನೇ ಹೇಳಿ ಮಾಡಿಸಿದ ಹೋಳಿಗೆ, ಮಾವಿನ ಸೀಕರಣಿಯನ್ನು ಶಾಂತವ್ವ ಬಂದವರಿಗೆ ಬಡಿಸಿದಳು. ಮಾಳಿಂಗರಾಯ ಹೊಳೆಗೆ ಹಚ್ಚಿದ ಪಂಪಿನಂತೆ ಸೀಕರಣಿ ಎಳೆದ.

“ಎಷ್ಟ ಆದುವಲೇ?”

“ಇನ್ನೂ ಮೂವತ್ತ ಕಮ್ಮಿ,” ಎಂದ ಪಾರಿಸಪ್ಪ ಟೀವಿಯಿಂದ ಕಣ್ಣು ಕೀಳದೆ.

“ಸೀಟ ಅಲ್ಲೋ ಮಾರಾಯಾ. ನಾ ತಿಂದ ಹೋಳಿಗಿ ಎಷ್ಟ ಆದು ಅಂತ ಕೇಳಿದೆ.”

ಮೂರು ಗಂಟೆಗೆ ಪಾರಿಸಪ್ಪನ ಕಣ್ಣಿಗೆ ಟೀವಿಯ ವಕ್ತಾರರೆಲ್ಲ ಹೋಳಿಗೆಯಂತೆ ದುಂಡಗೆ ಕಾಣತೊಡಗಿದರು. ಆಗ ಮಾಸ್ತರರು ಮೆಲ್ಲಗೆ ಅಂದರು, “ಪಾರಿಸಪ್ಪನವರ, ಮಿತ್ರಪಕ್ಷಗೋಳನ ಕೂಡಿಸಿದ್ರ ದಾಟತೈತಲ್ರಿ. ಅದೂ ಬಹುಮತನ.”

ಹುಟ್ಟಿದಾಗಿನಿಂದ ಕಿಚಡಿ ಸರಕಾರವನ್ನು ಬೈದವನು ಆ ಕ್ಷಣದಿಂದ ಅದರ ಪರಮಭಕ್ತನಾದ. ಎಂದೂ ಹೆಸರೆತ್ತದ ಸಣ್ಣಪುಟ್ಟ ಪಕ್ಷಗಳ ಸೀಟುಗಳನ್ನು ಜಪಮಣಿಯಂತೆ ಎಣಿಸಿದ. ದಾಟಿತು! ಆದರೆ ಮಾಳಿಂಗರಾಯ ಕೈ ಅಡ್ಡ ಮಾಡಿದ. “ಒಂದ ಪಕ್ಷ ಅಂದಿದ್ದಿ ನೀ. ಕೂಡಿಸಿದ್ದು ನಡ್ಯಾಂಗಿಲ್ಲ.”

ಪಾರಿಸಪ್ಪ ಬಸದಿಯ ಪಂಡಿತರಿಗೆ ಫೋನು ಹಚ್ಚಿದ. ಅವರು ಎಲ್ಲ ಕೇಳಿ, “ನೀನ ತೀರ್ಪು ಕೊಟ್ರ ಅದು ಹೊಟ್ಟಿ ಕಡೆ ವಾಲತೈತಿ. ನೀ ನಿಯಮ ತಗೊಂಡಿದ್ದನ್ನ ಕಿವಿಯಾರೆ ಕೇಳಿದವರೆಲ್ಲಾ ಒಪ್ಪಿದ್ರ ಉಣ್ಣು,” ಎಂದು ಫೋನು ಇಟ್ಟರು.

ಅಲ್ಲಿಂದ ಬನಹಟ್ಟಿಯ ಮೈತ್ರಿ ಮಾತುಕತೆ ಶುರುವಾಯಿತು.

“ನಂದೇನ ತಕರಾರಿಲ್ಲ,” ಎಂದ ಮಾಳಿಂಗರಾಯ. “ಆಡಿಗೆ ನೆರಳಿಲ್ಲ, ಪಾಪ. ನಿಮ್ಮ ಹಿತ್ತಲದ ಮಲ್ಲಿಗಿ ಚಪ್ಪರದಾಗ ಕಟ್ಟಿಕೋತೇನಿ.”

“ಕಟ್ಟಿಕೋ.”

ಮಾಸ್ತರರು ಕೆಮ್ಮಿದರು. “ನಮ್ಮನ್ಯಾಗ ಸೊಸೆಂದಿರು ಟೀವಿ ಬಿಟ್ಟಕೊಡಾಂಗಿಲ್ರಿ. ದಿನಾ ಸಂಜಿ ಏಳರಿಂದ ಎಂಟು ಇಲ್ಲೇ ಬಂದು ಸುದ್ದಿ ನೋಡತೇನಿ.”

“ನೋಡ್ರಿ.”

ಮಾಯವ್ವ ಮೊದಲು ಏನೂ ಬೇಡ ಅಂದಿದ್ದಳು. ಚಪ್ಪರದ ಸುದ್ದಿ ಕಿವಿಗೆ ಬಿದ್ದದ್ದೇ ಬೆಂಬಲ ವಾಪಸು ತೆಗೆದುಕೊಂಡಳು. “ಅಂವಗ ಚಪ್ಪರ, ನನಗ ಬರೇ ಹೋಳಿಗಿ? ನಳಾ ಬಂದಾಗ ನಿಮ್ಮ ಮನಿ ಮೊದಲ ಪಾಳಿ ನನಗ ಬಿಟ್ಟ ಕೊಡ್ರಿ ಅಣ್ಣಾ. ಇಲ್ಲಾಂದ್ರ ನಾನೂ ‘ಒಂದ ಪಕ್ಷ’ ಅಂತನ ಕೇಳೇನಿ.”

ಇದನ್ನು ಕೇಳಿ ಮಾಳಿಂಗರಾಯ ಚಪ್ಪರದ ಜೊತೆ ಮೇವಿಡಲು ಜಾಗವನ್ನೂ ಕೇಳಿದ. ಅತ್ತ ದಿಲ್ಲಿಯಲ್ಲಿ ಏನು ನಡೆದಿತ್ತೋ, ಇತ್ತ ಪಾರಿಸಪ್ಪ ಕಟ್ಟೆಯಿಂದ ಕಟ್ಟೆಗೆ ಓಡಾಡಿ ಸುಸ್ತಾದ. ಮೂವರೂ ಒಪ್ಪಿದಾಗ ಆರೂವರೆ ದಾಟಿತ್ತು.

ಕೈಕಾಲು ತೊಳೆದು ಓಡಿಬಂದು ಮಣೆಯ ಮೇಲೆ ಕೂತ. ತಾಟಿನಲ್ಲಿ ಎರಡು ಹೋಳಿಗೆ, ಮೇಲೆ ತುಪ್ಪ. ಕಿಡಕಿಯಲ್ಲಿ ಹೊತ್ತು ಇನ್ನೂ ಒಂದು ಗೇಣು ಮೇಲಿತ್ತು. ತುತ್ತು ಮುರಿದ.

“ಒಂದ ನಿಮಿಷರಿ,” ಎಂದಳು ಶಾಂತವ್ವ. “ನಾನೂ ಕೇಳೇನಲ್ಲ. ನೀವು ನಿಯಮ ತಗೊಳ್ಳಾಗ ಒಗ್ಗರಣಿ ಸೌಟು ಹಿಡಕೊಂಡು ಬಾಗಿಲದಾಗ ನಿಂತಿದ್ದೆ.”

ತುತ್ತು ಅರ್ಧದಾರಿಯಲ್ಲಿ ನಿಂತಿತು. “ನೀ ಮನಿಯಾಕಿ. ನೀ ಒಪ್ಪೇ ಇರತಿ ತಗೋ.”

“ಕೇಳಿದವರೆಲ್ಲಾ ಅಂದಾರಲ್ರಿ ಪಂಡಿತರು. ನನ್ನ ಯಾರ ಕೇಳಿದ್ರಿ?”

“ಆತು ಮಾರಾಯ್ತಿ, ಈಗ ಕೇಳಿದೆ. ನಿನಗೇನ ಬೇಕು? ಲಗೂ ಹೇಳು!”

“ಬೇಕಂದ್ರ ಏನ ಉಳಿಸೀರಿ? ಚಪ್ಪರ ನಂದು. ನಳದ ಪಾಳಿ ನಂದು. ಏಳರ ಧಾರಾವಾಹಿ ನಂದು. ಎಲ್ಲಾ ಹಂಚಿ ಬಂದೀರಿ. ನಿಮ್ಮದೇನ ಹೋತು?”

ಪಾರಿಸಪ್ಪ ಕಿಡಕಿ ನೋಡಿದ. ಗೇಣು ಇದ್ದದ್ದು ಈಗ ನಾಲ್ಕು ಬೆರಳು. “ಅಂಗಡಿ ನಿನ್ನ ಹೆಸರಿಗೆ ಮಾಡತೇನಿ!”

“ಬ್ಯಾಡ್ರಿ. ನನ್ನ ಬೆಂಬಲ ಮಾರಾಕಿಟ್ಟಿಲ್ಲ. ‘ಒಂದ ಪಕ್ಷ’ ಅಂದಿದ್ರಿ. ನಾ ಕೇಳಿದ್ದು ಅದ, ಹೇಳೂದೂ ಅದ. ನಿಯಮದ ಮಾತಿನ್ಯಾಗ ಸುಳ್ಳ ಹ್ಯಾಂಗ ಹೇಳ್ಲಿ?” ಶಾಂತವ್ವ ತಾಟಿನ ಮೇಲೆ ಮುಚ್ಚಳ ಮುಚ್ಚಿದಳು. “ನನ್ನ ಚಿಂತಿ ಮಾಡಬ್ಯಾಡ್ರಿ. ನಾ ಮಧ್ಯಾಹ್ನ ಮಾಯವ್ವನ ಜೋಡಿ ಉಂಡೇನಿ.”

ಹೊತ್ತು ಮುಳುಗಿತು. ಹಿತ್ತಲಲ್ಲಿ ಆಡುಗಳು ಆಗಲೇ ಮಲ್ಲಿಗೆಯ ಬಳ್ಳಿಗೆ ಬಾಯಿ ಹಾಕಿದ್ದವು. ಪಡಸಾಲೆಯಲ್ಲಿ ಮಾಸ್ತರರು ರಿಮೋಟು ಹಿಡಿದು, “ಪಾರಿಸಪ್ಪನವರ, ಊಟ ಆತೇನ್ರಿ?” ಎಂದು ಕೂಗಿದರು.

ಆ ಸಲ ಯಾವ ಒಂದು ಪಕ್ಷಕ್ಕೂ ಬಹುಮತ ಬರಲಿಲ್ಲ; ಕೂಡಿಯೇ ಸರಕಾರವಾಯಿತು. ಮರುದಿನ ಬೆಳಿಗ್ಗೆ ಪಾರಿಸಪ್ಪ ಅವಲಕ್ಕಿ ತಿನ್ನುವುದನ್ನು ಮಾಯವ್ವ ಕಣ್ಣಾರೆ ಕಂಡಿದ್ದಾಳೆ. ಶಾಂತವ್ವನೇ ಬಡಿಸುತ್ತಿದ್ದಳಂತೆ. ಅವನು ಏನು ಬರೆದುಕೊಟ್ಟ, ಅವಳು ಯಾವ ಷರತ್ತಿಗೆ ಒಪ್ಪಿದಳು, ಅದು ಯಾವ ಲೆಕ್ಕದ ಬಹುಮತ, ಇದೊಂದೂ ನಮಗೆ ಗೊತ್ತಿಲ್ಲ.