ವಿಷಯ: ಓದಿನ ಹಸಿವು ನೀಗಿಸುವ ಕುರಿತು

ಗ್ರಾಮೀಣ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗೆ ಮೂವತ್ತೆರಡು ವರ್ಷಗಳ ಕಾಲ ಯಾವ ಧ್ಯೇಯವೂ ಇರಲಿಲ್ಲ. ಇದ್ದದ್ದು ಪುಸ್ತಕಗಳು ಮಾತ್ರ. ಜನ ಬರುತ್ತಿದ್ದರು, ಪುಸ್ತಕ ಒಯ್ಯುತ್ತಿದ್ದರು, ಓದಿ ತಂದುಕೊಟ್ಟು ಇನ್ನೊಂದನ್ನು ಒಯ್ಯುತ್ತಿದ್ದರು. ಇಂಥ ಗೊತ್ತುಗುರಿಯಿಲ್ಲದ ನಡವಳಿಕೆ ಮೂರು ದಶಕ ಎಗ್ಗಿಲ್ಲದೆ ನಡೆದುಬಂದದ್ದು ಅತ್ಯಂತ ವಿಷಾದಕರ ಎಂದು ಧ್ಯೇಯ ನಿರೂಪಣಾ ಸಮಿತಿಯ ವರದಿ ಮೊದಲ ಪುಟದಲ್ಲೇ ಹೇಳುತ್ತದೆ.

ಸಮಿತಿ ಹನ್ನೊಂದು ಸಲ ಸೇರಿತು. ಹನ್ನೊಂದು ಸಲವೂ ಒಮ್ಮತ ಮೂಡಲಿಲ್ಲ. ಹನ್ನೆರಡನೇ ಸಭೆಯ ದಿನ ಊಟ ಬರುವುದು ಒಂದೂವರೆ ಗಂಟೆ ತಡವಾಯಿತು. ಆಗ ಸದಸ್ಯರೆಲ್ಲರಿಗೂ ಒಟ್ಟಿಗೇ ಒಂದೇ ವಿಚಾರ ಹೊಳೆಯಿತು: "ಗ್ರಾಮೀಣ ಜನತೆಯ ಓದಿನ ಹಸಿವನ್ನು ಎರಡು ವರ್ಷಗಳೊಳಗೆ ಸಂಪೂರ್ಣವಾಗಿ ನೀಗಿಸುವುದು." ಸರ್ವಾನುಮತದಿಂದ ಅಂಗೀಕಾರವಾಯಿತು. ಅಷ್ಟರಲ್ಲಿ ಊಟವೂ ಬಂತು.

ಧ್ಯೇಯವನ್ನು ತಗಡಿನ ಫಲಕಗಳ ಮೇಲೆ ಬರೆಸಿ ಎಲ್ಲ ಶಾಖೆಗಳಿಗೂ ಕಳಿಸಲಾಯಿತು. ಬಸ್ಸಿನ ಕೊನೆಯ ನಿಲ್ದಾಣದ ಊರಿಗೂ ಒಂದು ಬಂತು. ಅಲ್ಲಿನ ಶಾಖೆಯೆಂದರೆ ಹಿಂದೆ ಕಾಳುಕಡಿ ತುಂಬುತ್ತಿದ್ದ ಎರಡು ಕೋಣೆ, ಏಳು ಕಪಾಟು, ಎರಡು ಬೆಂಚು, ಒಂದು ಮೆಟ್ಟಿಲು ಮುರಿದ ಏಣಿ ಮತ್ತು ಹತ್ತೊಂಬತ್ತು ವರ್ಷಗಳಿಂದ ಇವೆಲ್ಲವನ್ನೂ ನೋಡಿಕೊಂಡು ಬಂದ ಗ್ರಂಥಪಾಲಕಿ. ಆಕೆ ಫಲಕ ಓದಿ ಹಿರಿಹಿರಿ ಹಿಗ್ಗಿದಳು. ಹತ್ತೊಂಬತ್ತು ವರ್ಷ ತಾನು ಮಾಡಿದ್ದೂ ಇದೇ ತಾನೇ! ಮುರಿದ ಮೆಟ್ಟಿಲು ದಾಟಿ ಏಣಿ ಹತ್ತಿ, ಬಾಗಿಲ ಮೇಲೆ ತಾನೇ ಮೊಳೆ ಹೊಡೆದಳು.

ಫಲಕದ ಬೆನ್ನಿಗೇ ಮೂರು ತಿಂಗಳಿಗೊಮ್ಮೆ ತುಂಬಿ ಕಳಿಸಬೇಕಾದ ಒಂದು ನಮೂನೆ ಬಂತು. ಅದರಲ್ಲಿ ಮೂರೇ ಕಾಲಂ: ಹಸಿದವರು, ಹಸಿವು ನೀಗಿದವರು, ಬಾಕಿ ಹಸಿವು. ಆಕೆ ಮೊದಲನೆಯದರಲ್ಲಿ ಇನ್ನೂರ ಹನ್ನೆರಡು ಎಂದು ಬರೆದಳು. ಊರಿನ ಸದಸ್ಯರು ಅಷ್ಟೇ. ಎರಡನೆಯದರಲ್ಲಿ ಏನು ಬರೆಯುವುದೋ ತಿಳಿಯದೆ ಅಡ್ಡಗೆರೆ ಎಳೆದಳು. ಮೂರನೆಯದರಲ್ಲಿ ಮತ್ತೆ ಇನ್ನೂರ ಹನ್ನೆರಡು ಬರೆದು, ಪಕ್ಕದಲ್ಲಿ "ಎಲ್ಲರೂ ಮತ್ತೆ ಮತ್ತೆ ಬಂದು ಪುಸ್ತಕ ಕೇಳುತ್ತಿದ್ದಾರೆಂದು ತಿಳಿಸಲು ಸಂತೋಷಿಸುತ್ತೇನೆ" ಎಂದು ಸೇರಿಸಿದಳು. ಶಹಬ್ಬಾಸ್‌ಗಿರಿ ಬರುತ್ತದೆಂದು ಎರಡು ವಾರ ಟಪಾಲಿನವನ ದಾರಿ ಕಾದಳು. ಬಂದದ್ದು ಕಾರಣ ಕೇಳಿ ನೋಟಿಸು.

ಪ್ರಧಾನ ಕಚೇರಿಯ ಅಧೀಕ್ಷಕರು ಬಹಳ ಸಭ್ಯರು. ಯಾರ ಮೇಲೂ ದನಿ ಏರಿಸಿದವರಲ್ಲ. ನೋಟಿಸು ಹಿಡಿದು ಬಂದ ಆಕೆಯನ್ನು ಕೂರಿಸಿ, ನೀರು ತರಿಸಿಕೊಟ್ಟು, ಕಡತ ಬಿಚ್ಚಿದರು.

"ನೋಡಿಮ್ಮಾ, ಹೊಟ್ಟೆ ತುಂಬಾ ಊಟ ಮಾಡಿದವನು ಕೈ ತೊಳ್ಕೊಂಡು ಎದ್ದು ಹೋಗ್ತಾನೋ, ಮತ್ತೆ ತಟ್ಟೆ ಮುಂದೆ ಕೂರ್ತಾನೋ?"

"ಎದ್ದು ಹೋಗ್ತಾನೆ ಸಾರ್."

"ನಿಮ್ಮ ಓದುಗರು?"

"ಮಾರನೇ ದಿನ ಮತ್ತೆ ಬರ್ತಾರೆ."

"ಅಂದ್ರೆ ನೀವು ಬಡಿಸಿದ್ದು ಸಾಲಲಿಲ್ಲ ಅಂತಾಯ್ತು."

"ಹಾಗಲ್ಲ ಸಾರ್. ಓದಿದಷ್ಟೂ ಹಸಿವು ಜಾಸ್ತಿ ಆಗುತ್ತೆ."

ಅಧೀಕ್ಷಕರು ಪೆನ್ನು ಕೆಳಗಿಟ್ಟು, ಅತ್ತಿತ್ತ ನೋಡಿದರು. "ಈ ಮಾತು ಇಲ್ಲೇ ಬಿಟ್ಬಿಡಿ. ಇಲಾಖೆ ಪುಸ್ತಕಗಳಿಂದಲೇ ಹಸಿವು ಹೆಚ್ಚುತ್ತೆ ಅಂತ ನೀವು ಬರೆದುಕೊಟ್ರೆ, ವಿಚಾರಣೆ ಇಡಬೇಕಾಗುತ್ತೆ. ಪಕ್ಕದೂರಿನ ಶಾಖೆ ನೋಡಿ ಕಲೀರಿ. ಬಾಕಿ ಹಸಿವು ಸೊನ್ನೆ!"

ಪಕ್ಕದೂರಿನ ಶಾಖೆಯ ಬೀಗದ ಕೈ ಕಳೆದು ನಾಲ್ಕು ವರ್ಷವಾಗಿತ್ತು. ಬೀಗ ತುಕ್ಕು ಹಿಡಿದಿತ್ತು. ಒಬ್ಬನೇ ಒಬ್ಬ ಓದುಗನೂ ಅತ್ತ ಸುಳಿದಿರದಿದ್ದುದರಿಂದ ಅದನ್ನು "ಹಸಿವುಮುಕ್ತ ಮಾದರಿ ಗ್ರಂಥಾಲಯ" ಎಂದು ಸಾರಿ ಒಂದು ಗೋಡೆ ಗಡಿಯಾರ ಬಹುಮಾನ ಕೊಟ್ಟಿದ್ದರು. ಒಳಗೆ ಹೋಗಲು ಬಾರದ ಕಾರಣ ಗಡಿಯಾರವನ್ನು ಹೊರಗೆ ಕಿಟಕಿಯ ಸರಳಿಗೆ ಕಟ್ಟಲಾಗಿದ್ದು, ಬಸ್ಸಿಗೆ ಕಾಯುವವರಿಗೆ ತುಂಬಾ ಅನುಕೂಲವಾಗಿದೆ.

"ತಿಂಗಳ ಕೊನೇ ದಿನ ನಾನೇ ತಪಾಸಣೆಗೆ ಬರ್ತೀನಿ. ಬಾಕಿ ಸೊನ್ನೆ ಆಗಿರಬೇಕು. ಇಲ್ಲಾಂದ್ರೆ ನಿಮ್ಮ ಶಾಖೆ ಮುಚ್ಚಿ, ಪುಸ್ತಕಗಳನ್ನೆಲ್ಲ ಆ ಮಾದರಿ ಗ್ರಂಥಾಲಯಕ್ಕೆ ಸಾಗಿಸಬೇಕಾಗುತ್ತೆ."

"ಅಲ್ಲಿ ಬಾಗಿಲೇ ತೆಗೆಯೋಕಾಗಲ್ವಲ್ಲ ಸಾರ್."

"ಅದಕ್ಕೇ ಅಲ್ವೇನಮ್ಮ ಅಲ್ಲಿ ಪುಸ್ತಕ ಭದ್ರವಾಗಿರೋದು?"

ಹೊರಡುವಾಗ ಆಕೆಯ ಕೈಗೆ ಒಂದು ಕಟ್ಟು ಘೋಷಣಾ ಪತ್ರ ಕೊಟ್ಟರು. "ನನ್ನ ಓದಿನ ಹಸಿವು ಸಂಪೂರ್ಣ ನೀಗಿದ್ದು, ಇನ್ನು ಮುಂದೆ ಓದುವ ಅಗತ್ಯ ಕಂಡುಬರುವುದಿಲ್ಲ" ಎಂದು ಅದರಲ್ಲಿತ್ತು. ಅಡಿಯಲ್ಲಿ ಸಣ್ಣಕ್ಷರದ ಸೂಚನೆ: "ಇದನ್ನು ಓದಿ ಸಹಿ ಮಾಡಿದಲ್ಲಿ ಓದಿದಂತಾಗುವುದರಿಂದ, ಹೆಬ್ಬೆಟ್ಟಿನ ಗುರುತನ್ನು ಮಾತ್ರ ಸ್ವೀಕರಿಸಲಾಗುವುದು."

ಬಸ್ಸಿನಲ್ಲಿ ಆಕೆಗೆ ಅಳು ಬಂತು. ಮನೆಗೆ ಬಂದು ಹೇಳಿದರೆ ಅತ್ತೆ "ಅಯ್ಯೋ, ಅತ್ತರೆ ಬಾಕಿ ಸೊನ್ನೆ ಆಗುತ್ತಾ?" ಎಂದು ಚಹಾ ಮುಂದಿಟ್ಟರು.

ಮಾರನೇ ದಿನ ಓದುಗರನ್ನೆಲ್ಲ ಕರೆದು ವಿಷಯ ತಿಳಿಸಿದಳು. ಗ್ರಂಥಾಲಯ ಉಳಿಯಬೇಕಾದರೆ ಯಾರೂ ಅಲ್ಲಿಗೆ ಬರಬಾರದು ಎಂಬುದು ಜನಕ್ಕೆ ಮೊದಲು ತಲೆಗೆ ಹೋಗಲಿಲ್ಲ, ಆಮೇಲೆ ಹೋಯಿತು. ಕೊರಳಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡೇ ಪತ್ತೇದಾರಿ ಕಾದಂಬರಿ ಓದುವ ದರ್ಜಿ ಹೆಂಗಸು ಮೊದಲು ಎದ್ದು ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಸಾಲು ಹತ್ತಿತು. ನಿವೃತ್ತ ಮೇಷ್ಟ್ರ ಸರದಿ ಬಂದಾಗ ಅವರು ತಮ್ಮ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದರು.

"ಊರಲ್ಲಿ ಅರ್ಧ ಜನರ ಹೆಬ್ಬೆಟ್ಟಿನ ಮಸಿ ತೊಳೆಸಿದವನು ನಾನು," ಎಂದರು. "ಇರಲಿ, ಕೊಡಮ್ಮ ಮಸಿ."

ಆಕೆಗೆ ಅವರ ಮುಖ ನೋಡಲಾಗಲಿಲ್ಲ. ಮಸಿಯ ಡಬ್ಬಿ ಹಿಡಿದ ತನ್ನ ಕೈಯ ಮೇಲೇ ಆಕೆಗೆ ಅಸಹ್ಯವಾಯಿತು. ಸಂಜೆಯ ಹೊತ್ತಿಗೆ ಇನ್ನೂರ ಹನ್ನೊಂದು ಗುರುತು ಬಿದ್ದಿದ್ದವು. ಉಳಿದದ್ದು ಒಂದೇ, ಸ್ವಂತ ಅತ್ತೆಯದು.

"ನಾನು ಒತ್ತಲ್ಲ," ಎಂದರು ಅತ್ತೆ.

"ಅತ್ತೆ, ಒಂದೇ ಒಂದು ಗುರುತು."

"ಐವತ್ತೊಂದನೇ ವಯಸ್ಸಿಗೆ ಇದೇ ಬೆಂಚಿನ ಮೇಲೆ ಕೂತು ಸಹಿ ಕಲ್ತಿದ್ದೀನಿ. ಕಲಿಸಿದವಳು ನೀನು. ಈಗ ಹೆಬ್ಬೆಟ್ಟು ಒತ್ತು ಅನ್ನೋಳೂ ನೀನೇನಾ? ಹೊಟ್ಟೆ ಹಸಿದಿರುವಾಗ ತುಂಬಿದೆ ಅಂತ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ."

ಸೊಸೆ ಮಸಿಯ ಡಬ್ಬಿಯ ಮುಚ್ಚಳ ಹಾಕಿದಳು. ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಊರವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ನಾಲ್ಕು ದಿನ ಒಂದು ನರಪಿಳ್ಳೆಯೂ ಗ್ರಂಥಾಲಯದ ಹೊಸ್ತಿಲು ತುಳಿಯಲಿಲ್ಲ. ದರ್ಜಿ ಹೆಂಗಸು ಆ ದಾರಿಯಲ್ಲಿ ಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಕಷ್ಟವಾದದ್ದು ಕೊನೆಪುಟದಜ್ಜನಿಗೆ. ಯಾವ ಪುಸ್ತಕ ಹಿಡಿದರೂ ಕೊನೆಯ ಪುಟ ಮೊದಲು ಓದಿ ನಿಶ್ಚಿಂತೆಯಾಗಿ ಆಮೇಲೆ ಶುರುಮಾಡುವುದು ಅಜ್ಜನ ಪದ್ಧತಿ, ಅದಕ್ಕೇ ಆ ಹೆಸರು. ಈ ಸಲ ಗ್ರಹಚಾರಕ್ಕೆ ಒಯ್ದದ್ದು ಎರಡು ಭಾಗದ ಕಾದಂಬರಿಯ ಮೊದಲ ಭಾಗ. ಕೊನೆಯ ಪುಟದಲ್ಲಿ ನಾಯಕಿ ತೂತು ಬಿದ್ದ ದೋಣಿ ಹತ್ತಿ ಹೊಳೆಯ ನಡುವೆ ಹೋಗಿದ್ದಾಳೆ, ಮುಂದೆ ಏನೂ ಇಲ್ಲ. ಅಜ್ಜನಿಗೆ ಅನ್ನ ಸೇರಲಿಲ್ಲ.

ಐದನೇ ದಿನ ಅತ್ತೆ ಒಂದು ಬಟ್ಟಲಲ್ಲಿ ಹಿಟ್ಟಿನ ಅಂಟು ಕಲಸಿಕೊಂಡು ನೇರವಾಗಿ ಗ್ರಂಥಾಲಯಕ್ಕೆ ಬಂದರು. ಕಪಾಟಿನಿಂದ ಒಂದು ಪುಸ್ತಕ ತೆಗೆದು, ಹರಿದ ಒಂದು ಪುಟಕ್ಕೆ ಅಂಟು ಹಚ್ಚಿದರು. ಆಮೇಲೆ ಬೆಂಚಿನ ಮೇಲೆ ಕಾಲು ಮಡಚಿ ಕೂತು ಮುಂದಿನ ಐವತ್ತು ಪುಟ ತಿರುವಿಹಾಕಿದರು.

"ಏನು ಮಾಡ್ತಿದ್ದೀರಿ ಅತ್ತೆ?"

"ಕಾಣಲ್ವಾ? ರಿಪೇರಿ."

"ಅಂಟಿಸಿ ಆಗಲೇ ಒಂದು ಗಂಟೆ ಆಯ್ತಲ್ಲ!"

"ಹರಿದಿರೋದು ಅದೊಂದೇ ಪುಟ ಅಂತ ಹೇಗೆ ಗೊತ್ತಾಗುತ್ತೆ? ಒಂದೊಂದೇ ನೋಡ್ಬೇಕು. ಅವರು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರೋದು."

ಗ್ರಂಥಪಾಲಕಿ ಮೇಜಿನ ಖಾನೆ ಎಳೆದು, ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಒಯ್ಯದ ಏಕೈಕ ಪುಸ್ತಕವಾದ ನಿಯಮಾವಳಿಯನ್ನು ಹೊರತೆಗೆದಳು. ನಿಯಮ ನಲವತ್ತೊಂದು ಹೀಗಿತ್ತು: "ಶಿಥಿಲವಾದ ಅಥವಾ ಮುಂದೆ ಶಿಥಿಲವಾಗಬಹುದಾದ ಪುಸ್ತಕಗಳನ್ನು ಸೂಕ್ತ ವ್ಯಕ್ತಿಗಳಿಗೆ ದುರಸ್ತಿಗಾಗಿ ಹದಿನಾಲ್ಕು ದಿನಗಳ ಮಟ್ಟಿಗೆ ನೀಡಬಹುದು. ದುರಸ್ತಿಗಾರರು ಪ್ರತಿ ಪುಟವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಪೂರ್ಣ ಸಹಿಯೊಂದಿಗೆ ಹಿಂದಿರುಗಿಸತಕ್ಕದ್ದು. ಹೆಬ್ಬೆಟ್ಟಿನ ಗುರುತು ಸಲ್ಲದು. ದುರಸ್ತಿಗಾರರನ್ನು ಆ ಅವಧಿಗೆ ಸಿಬ್ಬಂದಿಯೆಂದೇ ಪರಿಗಣಿಸುವುದು."

ಮುಂದೆ ಶಿಥಿಲವಾಗದ ಪುಸ್ತಕ ಪ್ರಪಂಚದಲ್ಲಿ ಯಾವುದಿದೆ? ಮೂರು ದಿನದಲ್ಲಿ ಏಳು ಕಪಾಟೂ ಖಾಲಿಯಾದವು. ಮೇಷ್ಟ್ರು ದುರಸ್ತಿ ದಾಖಲೆಯಲ್ಲಿ ಸಹಿ ಹಾಕುವಾಗ ಕೊನೆಯ ಅಕ್ಷರದ ಬಾಲವನ್ನು ಪುಟದ ಅಂಚಿನವರೆಗೆ ಎಳೆದು, ಅಲ್ಲಿಂದ ಸುರುಳಿ ಸುತ್ತಿ ವಾಪಸು ತಂದರು. ಊರಿಗೆ ಊರೇ ದುರಸ್ತಿಯಲ್ಲಿ ಮುಳುಗಿತು. "ಸ್ವಲ್ಪ ಇರ್ರೀ, ಈ ಅಧ್ಯಾಯ ರಿಪೇರಿ ಮಾಡಿ ಬಡಿಸ್ತೀನಿ" ಎನ್ನುವುದು ಮನೆಮನೆಯ ಮಾತಾಯಿತು.

ತಿಂಗಳ ಕೊನೆಯ ದಿನ ಅಧೀಕ್ಷಕರು ಹತ್ತರ ಬಸ್ಸಿಗೆ ಬಂದಿಳಿದರು. ಬಾಗಿಲಲ್ಲಿ ನಿಂತವರು ಒಂದು ಗಳಿಗೆ ಮೈಮರೆತರು. ಕಪಾಟಿನಲ್ಲಿ ಪುಸ್ತಕವಿಲ್ಲ, ಧೂಳಿಲ್ಲ, ಓದುಗರ ಕಾಟವಿಲ್ಲ.

"ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇಷ್ಟು ಅಚ್ಚುಕಟ್ಟಾದ ಗ್ರಂಥಾಲಯ ನೋಡಿಲ್ಲಮ್ಮ," ಎಂದು ಗದ್ಗದಿತರಾದರು. ಆಮೇಲೆ ಘೋಷಣಾ ಪತ್ರಗಳನ್ನು ಎಣಿಸಿದರು. ಎರಡನೇ ಸಲ ಎಣಿಸಿದರು. "ಒಂದು ಕಡಿಮೆ ಇದೆ."

ಒಂದೇ ಒಂದು ಗುರುತಿಗೆ ಗ್ರಂಥಪಾಲಕಿಯ ಹತ್ತೊಂಬತ್ತು ವರ್ಷ ಮಣ್ಣುಪಾಲಾಗುವುದಿತ್ತು. ಅಧೀಕ್ಷಕರ ಕಣ್ಣು ಅಷ್ಟರಲ್ಲಿ ಮೂಲೆಯ ಬೆಂಚಿಗೆ ಬಿದ್ದಿತ್ತು.

"ಯಾರಿವರು? ಓದ್ತಾ ಇದ್ದಾರೆ!"

"ಓದ್ತಾ ಇಲ್ಲ ಸ್ವಾಮಿ," ಎಂದರು ಅತ್ತೆ, ತಲೆ ಎತ್ತದೆ. "ರಿಪೇರಿ ಮಾಡ್ತಿದ್ದೀನಿ."

"ತುಟಿ ಅಲ್ಲಾಡ್ತಿದೆಯಲ್ಲ?"

"ಅಕ್ಷರ ಎಲ್ಲಾದರೂ ಸಡಿಲ ಆಗಿದೆಯಾ ಅಂತ ಬಾಯಲ್ಲಿ ಹಿಡಿದು ನೋಡ್ತಿದ್ದೀನಿ."

ಗ್ರಂಥಪಾಲಕಿ ನಿಯಮಾವಳಿ ಬಿಚ್ಚಿ ಮುಂದಿಟ್ಟಳು. ಅಧೀಕ್ಷಕರು ನಿಯಮ ನಲವತ್ತೊಂದನ್ನು ನಿಧಾನವಾಗಿ ಪರಿಶೀಲಿಸಿದರು. ಅವರ ಮುಖ ಅರಳಿತು.

"ಹಾಗಾದ್ರೆ ಇವರು ಸಿಬ್ಬಂದಿ! ಸಿಬ್ಬಂದಿಗೆ ಓದಿನ ಹಸಿವು ಇರೋ ಪ್ರಶ್ನೆಯೇ ಬರಲ್ಲ. ನನ್ನನ್ನೇ ತಗೊಳ್ಳಿ, ಈ ಇಲಾಖೆಗೆ ಸೇರಿದ ಮೇಲೆ ಒಂದು ಪುಸ್ತಕ ಮುಟ್ಟಿದವನಲ್ಲ." ಹಸಿದವರ ಪಟ್ಟಿಯಿಂದ ಅತ್ತೆಯನ್ನು ಹೊಡೆದುಹಾಕಿ, ಬಾಕಿಯ ಕಾಲಂನಲ್ಲಿ ದುಂಡಗೆ ಒಂದು ಸೊನ್ನೆ ಸುತ್ತಿದರು.

ಸೊನ್ನೆಯ ಮಸಿ ಆರುವ ಮೊದಲೇ ಕೊನೆಪುಟದಜ್ಜ ಏದುಸಿರು ಬಿಡುತ್ತ ಒಳಗೆ ನುಗ್ಗಿತು. ಅಧೀಕ್ಷಕರನ್ನು ಅದು ಕಣ್ಣೆತ್ತಿಯೂ ನೋಡಲಿಲ್ಲ.

"ಮೊದಲನೇ ಭಾಗ ಮುಗೀತು ತಾಯಿ, ಎರಡನೇದು ಕೊಡು!"

"ಮುಗೀತು ಅಂದ್ರೆ?" ಎಂದರು ಅಧೀಕ್ಷಕರು.

"ರಿಪೇರಿ ಮುಗೀತು," ಎಂದಳು ಗ್ರಂಥಪಾಲಕಿ ತಟ್ಟನೆ. "ಆದ್ರೆ ದೋಷ ಎರಡನೇ ಭಾಗಕ್ಕೂ ಹಬ್ಬಿದೆ ಸಾರ್."

"ಎಂಥ ದೋಷ?"

"ತೂತು ಬಿದ್ದಿದೆ ಸ್ವಾಮಿ," ಎಂದಿತು ಅಜ್ಜ. "ದೋಣಿಗೆ. ಆ ಹುಡುಗಿ ಒಬ್ಬಳೇ ಕೂತಿದ್ದಾಳೆ. ಅವಳ ಅಣ್ಣ ದಡದಲ್ಲಿ ನಿಂತು ನೋಡ್ತಿದ್ದಾನೆ, ಕೂಗ್ತಾನೂ ಇಲ್ಲ. ತೂತು ಮಾಡಿದವನೇ ಅವನು ಅಂತ ನನಗೆ ಅನುಮಾನ."

ಅಧೀಕ್ಷಕರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. "ಅವಳಿಗೆ ಈಜು ಬರುತ್ತಾ?" ಎಂದು ಕೇಳಿದರು.

"ಅದೇ ಎರಡನೇ ಭಾಗದಲ್ಲಿರಬೇಕು."

ಎರಡನೇ ಭಾಗ ಅತ್ತೆಯ ಕೈಯಲ್ಲಿತ್ತು. ಇಬ್ಬರೂ ಗಂಡಸರು ಅತ್ತ ತಿರುಗಿದರು. ಅತ್ತೆ ಪುಸ್ತಕವನ್ನು ಎದೆಗವಚಿಕೊಂಡು, "ನಂದಿನ್ನೂ ಅರ್ಧ ರಿಪೇರಿ ಬಾಕಿ ಇದೆ" ಎಂದರು.

ವಾಪಸು ಹೋಗುವ ಬಸ್ಸು ಮೂರು ಗಂಟೆಗೆ. ಅಲ್ಲಿಯವರೆಗೆ ಸುಮ್ಮನೆ ಕೂರುವುದು ಕರ್ತವ್ಯಲೋಪವಾದೀತೆಂದು, ಇಲಾಖೆಯ ಹಿತದೃಷ್ಟಿಯಿಂದ ಅಜ್ಜ ತಂದ ಮೊದಲ ಭಾಗವನ್ನು ತಾವೇ ಖುದ್ದಾಗಿ ಪರಿಶೀಲಿಸುವುದಾಗಿ ಅಧೀಕ್ಷಕರು ತಿಳಿಸಿದರು. ಮೂರರ ಬಸ್ಸು ಬಂತು, ಹೋಯಿತು. ಐದರ ಬಸ್ಸಿಗೆ ಕಂಡಕ್ಟರೇ ಬಂದು ತೋಳು ಹಿಡಿದು ಎಬ್ಬಿಸಬೇಕಾಯಿತು. ಪುಸ್ತಕ ಬಗಲಲ್ಲಿಟ್ಟುಕೊಂಡು, ದುರಸ್ತಿ ದಾಖಲೆಯಲ್ಲಿ ಇನ್ನೂರ ಹದಿಮೂರನೆಯವರಾಗಿ ಪೂರ್ಣ ಸಹಿ ಹಾಕಿ ಹೊರಟರು.

ಶಾಖೆಯನ್ನು ಹಸಿವುಮುಕ್ತವೆಂದು ಸಾರಲಾಗಿದೆ. ಗಡಿಯಾರವೂ ಬಂದಿದೆ, ಒಳಗೇ ತೂಗುಹಾಕಿದ್ದಾರೆ. ಎಲ್ಲ ಊರುಗಳೂ ನಿಯಮ ನಲವತ್ತೊಂದನ್ನು ಪಾಲಿಸಬೇಕೆಂದು ಸುತ್ತೋಲೆ ಹೊರಟಿದ್ದು, ಪಕ್ಕದೂರಿನವರು ಮೊದಲ ಹಂತವಾಗಿ ಬೀಗವನ್ನೇ ದುರಸ್ತಿಗೆ ತೆಗೆದುಕೊಂಡಿದ್ದಾರೆ. ನಾಲ್ಕು ವರ್ಷಗಳ ದುರಸ್ತಿ ಬಾಕಿಯಿರುವುದರಿಂದ ಅಲ್ಲಿ ಬೆಳಿಗ್ಗೆಯೇ ಸಾಲು ನಿಲ್ಲುತ್ತಿದೆ.

ಹತ್ತು ದಿನಗಳ ಬಳಿಕ ಪ್ರಧಾನ ಕಚೇರಿಯಿಂದ ಮೊಹರು ಹಾಕಿದ ಲಕೋಟೆ ಬಂತು. "ವಿಷಯ: ದೋಣಿಯ ತೂತಿನ ಕುರಿತು. ಮೊದಲ ಭಾಗವನ್ನು ಎರಡು ಬಾರಿ ಪರಿಶೀಲಿಸಲಾಗಿದೆ. ಎರಡನೇ ಭಾಗವನ್ನು ಮರುಟಪಾಲಿನಲ್ಲೇ ಕಳುಹಿಸತಕ್ಕದ್ದು. ಅತಿ ತುರ್ತು."

ಉತ್ತರ ಬರೆಯುವ ಜವಾಬ್ದಾರಿ ಈಗ ಮುಖ್ಯ ದುರಸ್ತಿಗಾರರದು. ಅತ್ತೆ ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಬರೆದರು: "ಎರಡನೇ ಭಾಗ ದುರಸ್ತಿಯಲ್ಲಿದೆ. ತಮ್ಮ ಸರದಿ ಹದಿನೇಳನೆಯದು. ಹಸಿವು ತಡೆದುಕೊಳ್ಳತಕ್ಕದ್ದು." ಕೆಳಗೆ, ಸೊಸೆ ಕಲಿಸಿದ ಹಾಗೆಯೇ, ದೊಡ್ಡದಾಗಿ ಸಹಿ ಹಾಕಿದರು.