ಹಿಲ್ಫ್ಸ್ ಅಳಿಯ

ನನ್ನ ಹೆಂಡತಿಯ ಸೋದರಮಾವ ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ನೌಕಾಪಡೆಯ ಸಾರಿಗೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು! ಅವರು ಹುಟ್ಟಿದ್ದು ಯುದ್ಧ ಮುಗಿದ ಮೇಲೆ, ಅದೂ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎನ್ನುವುದೊಂದು ಸಣ್ಣ ತೊಡಕು, ಅಷ್ಟೆ. ಅವರ ಎದುರು ಐದು ನಿಮಿಷ ಕೂತರೆ ಆ ತೊಡಕು ನಿಮಗೂ ಮರೆತುಹೋಗುತ್ತದೆ. "ಆವತ್ತು ಹ್ಯಾಂಬರ್ಗಲ್ಲಿ ಒಂದು ಮೀನಿನ ದೋಣಿ ಸಿಗದೆ ನಾವು ಪಟ್ಟ ಪಾಡು..." ಎಂದು ಶುರುಮಾಡಿದರೆಂದರೆ, ನಲ್ಲಿ ರಿಪೇರಿಗೆ ಬಂದವನೂ ಸ್ಪ್ಯಾನರ್ ಕೆಳಗಿಟ್ಟು ಕೂತುಬಿಡುತ್ತಾನೆ.

ಇಂಥವರ ಕೈಯಿಂದ ಕಾರಿನ ಕೀ ಇಸಿದುಕೊಂಡು ಬರುವ ಕೆಲಸ ಈಚೆಗೆ ನನ್ನ ತಲೆಗೆ ಬಿತ್ತು.

ಆದದ್ದಿಷ್ಟು. ಮಾವನ ಎರಡೂ ಕಣ್ಣುಗಳಲ್ಲಿ ನಡುವಿನ ದೃಷ್ಟಿ ಮಸುಕಾಗುತ್ತ ಬಂದಿತ್ತು. ಇದು ಕನ್ನಡಕದಿಂದ ಸರಿಹೋಗುವಂಥದ್ದಲ್ಲ, ಇನ್ನು ಡ್ರೈವ್ ಮಾಡುವಂತಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಮಾವ ಬಹಳ ವಿನಯದಿಂದ ತಲೆಯಾಡಿಸಿ, ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ, ಡ್ರೈವ್ ಮಾಡಿಕೊಂಡು ಮನೆಗೆ ಬಂದರು! ಮರುವಾರ ಅವರ ಹಳೆಯ ಮಿನಿವ್ಯಾನ್ ಎದುರುಮನೆಯ ಅಂಚೆಪೆಟ್ಟಿಗೆಯನ್ನು ಕಂಬ ಸಮೇತ ಮಲಗಿಸಿತು. ಅತ್ತೆ ಫೋನಿನಲ್ಲಿ ಅಳುತ್ತಿದ್ದರೆ ಹಿಂದಿನಿಂದ ಮಾವನ ದನಿ ಕೇಳುತ್ತಿತ್ತು: "ಗಾಬರಿ ಆಗೋ ಅಂಥದ್ದೇನಿಲ್ಲ ಅಂತ ಹೇಳೇ, ಸಣ್ಣದೊಂದು ಮೈನ್ ತಗುಲಿದೆ ಅಷ್ಟೆ!"

ಅಂಚೆಪೆಟ್ಟಿಗೆಯ ಜಾಗದಲ್ಲಿ ಒಂದು ಮಗು ನಿಂತಿದ್ದರೆ? ಆ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

"ನಾವು ಹೇಳಿದ್ರೆ ಕೇಳಲ್ಲ ಅವರು. ನೀವಾದ್ರೆ ಅಳಿಯ, ನಿಮ್ಮ ಮೇಲೆ ರೇಗೋಕ್ಕಾಗಲ್ಲ," ಎಂದಳು ನನ್ನ ಹೆಂಡತಿ. "ಕೀ ಇಲ್ದೆ ಮನೆಗೆ ಬರ್ಬೇಡಿ!"

ಹೀಗೆ ಒಂದು ಶನಿವಾರ ಬೆಳಿಗ್ಗೆ ಸೆರಿಟೋಸಿನ ನಮ್ಮ ಮನೆಯಿಂದ ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸಿನ ಕಡೆ ಹೊರಟೆ. ಎರಡು ತಾಸಿನ ದಾರಿಯುದ್ದಕ್ಕೂ ಮಾವನ ಬಗ್ಗೆ ನೆನಪಿಸಿಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವೂ ನಡೆದದ್ದು ಹೀಗೇನಾ ಎಂದರೆ ಪ್ರಮಾಣ ಮಾಡಲಾರೆ. ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕೂತು ನಾನು ಕಲಿತದ್ದು ಒಂದೇ ವಿದ್ಯೆ: "ಆಧಾರ ಎಲ್ಲಿ?" ಎಂದು ಕೇಳುವುದು. ಊರವರನ್ನೆಲ್ಲ ಕೇಳಿ ಮುಗಿದ ಮೇಲೆ ಈಗ ನನ್ನ ನೆನಪನ್ನೇ ಕೇಳತೊಡಗಿದ್ದೇನೆ. ಅದು ಪೆಚ್ಚುಮೋರೆ ಹಾಕುತ್ತದೆ.

ಮಾವನಿಗೆ ಈ ಹುಚ್ಚು ಹಿಡಿದದ್ದು ಒಂದು ಪೆಟ್ಟಿಗೆಯಿಂದ. ಕೊರೋನಾ ಬರುವ ಸ್ವಲ್ಪ ಮೊದಲು ಅವರ ಮನೆಗೆ ಹತ್ತಿರದ ಡೆಲ್ ಮಾರ್‌ನಲ್ಲಿ ಯಾರೋ ಮನೆ ಖಾಲಿ ಮಾಡುತ್ತ ಹಳೆಯ ಸಾಮಾನು ಮಾರುತ್ತಿದ್ದರು. ಮಾವ ಒಂದು ಗಟ್ಟಿ ಮರದ ಪೆಟ್ಟಿಗೆ ತಂದರು, ಅಕ್ಕಿ ಹಾಕಿಡಲು. ಮುಚ್ಚಳ ತೆಗೆದರೆ ಒಳಗೆ ಜರ್ಮನ್ ಭಾಷೆಯ ಹಡಗಿನ ಪಟ್ಟಿಗಳ ನಕಲು! ಅಷ್ಟರಲ್ಲಿ ಲಾಕ್‌ಡೌನ್ ಆಯಿತು. ನಾವೆಲ್ಲ ಮನೆಯಲ್ಲಿ ಬ್ರೆಡ್ ಬೇಯಿಸುವುದನ್ನು ಕಲಿತರೆ, ನಲವತ್ತು ವರ್ಷ ಟೆಲಿಕಾಂ ಎಂಜಿನಿಯರಾಗಿದ್ದ ಈ ಮನುಷ್ಯ ಜರ್ಮನ್ ಕಲಿತರು. ಅಕ್ಕಿ ಇವತ್ತಿಗೂ ಚೀಲದಲ್ಲೇ ಇದೆ.

"ಜರ್ಮನ್ ಏನು ಮಹಾ ಅಳಿಯಂದ್ರೇ? ನಮ್ಮ ಸಮಾಸಾನೇ. ಬಿಡಿಸಿ ಬರೆಯೋಕೆ ಪುರುಸೊತ್ತಿಲ್ಲದವರು ಬರೆದಿದ್ದು!" ಎಂದು ಆ ಪಟ್ಟಿ ಬರೆದ ಕಚೇರಿಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದರು: ಕ್ರೀಗ್ಸ್‌ಮರೀನೆಡೀನ್‌ಸ್ಟ್‌ಷ್ಟೆಲ್ಲೆ. ಅಂದರೆ ಯುದ್ಧನೌಕಾಪಡೆಯ ಸೇವಾ ಕಚೇರಿ. ತಮ್ಮ ಊಟದ ಮೇಜಿಗೂ ಅದೇ ಹೆಸರಿಟ್ಟರು. ಅತ್ತೆಯ ನಾಲಿಗೆ ಅದರ ಮೊದಲ ತುಂಡಿನಲ್ಲೇ ನಿಂತಿತು. ಅಂದಿನಿಂದ ಆ ಮೇಜು ಮನೆಮಂದಿಗೆಲ್ಲ "ಕಿರಿಕ್ ಸ್ಟೇಷನ್". ಹೆಸರು ಎಷ್ಟು ಒಪ್ಪುತ್ತದೆಂದರೆ, ಜರ್ಮನರೇ ನಮ್ಮಿಂದ ಕದ್ದರೇನೋ ಎಂದು ನನಗೆ ಅನುಮಾನ!

ಯುದ್ಧ ಶುರುವಾದಾಗ ನೌಕಾಪಡೆಗೆ ಸಾಕಷ್ಟು ಹಡಗುಗಳಿರಲಿಲ್ಲ. ಆಗ ಈ ಕಚೇರಿಗಳ ಗುಮಾಸ್ತರು ಕೈಗೆ ಸಿಕ್ಕಿದ್ದನ್ನೆಲ್ಲ ಬರೆದುಕೊಂಡರು. ಮೀನಿನ ದೋಣಿ ಬೆಳಗಾಗುವುದರಲ್ಲಿ ಕಾವಲು ದೋಣಿ. ಬಾಳೆಹಣ್ಣು ಹೊರುತ್ತಿದ್ದ ಹಡಗಿಗೆ ತೋಪು. ಮೋಜಿನ ಪ್ರಯಾಣದ ಹಡಗು ಆಸ್ಪತ್ರೆ. ಒಂದು ಚೀಟಿ, ಒಂದು ಮೊಹರು, ಹೆಸರಿನ ಮುಂದೆ "ಹಿಲ್ಫ್ಸ್" ಎಂಬ ಒಂದು ತುಂಡು. ಹಿಲ್ಫ್ಸ್ ಎಂದರೆ ಸಹಾಯಕ.

ಆ ತುಂಡು ಮಾವನ ಬಾಯಿಗೆ ಬಿದ್ದದ್ದೇ ಬಿದ್ದದ್ದು! ಕುಕ್ಕರಿನಲ್ಲಿ ಇಡ್ಲಿ ಬೇಯಿಸಿದರೆ ಅದು ಹಿಲ್ಫ್ಸ್ ಇಡ್ಲಿಪಾತ್ರೆ. ದೇವರ ಮನೆಯ ಮಣೆ ಕಂಪ್ಯೂಟರಿನ ಕೆಳಗೆ ಬಂದು ಹಿಲ್ಫ್ಸ್ ಸ್ಟ್ಯಾಂಡ್ ಆಯಿತು, ದೇವರು ನೆಲಕ್ಕೆ ಬಂದ. ಪ್ರಿಂಟರ್ ಸರಿಮಾಡಿಕೊಟ್ಟ ದಿನ ನಾನು ಹಿಲ್ಫ್ಸ್ ಅಳಿಯನಾದೆ.

"ಇವರು ಯಾರು ಗೊತ್ತಾ?" ಅತ್ತೆ ಸೌಟಿನಿಂದ ಮಾವನನ್ನು ತೋರಿಸಿದರು. "ಹಿಲ್ಫ್ಸ್ ಗಂಡ. ಅದೂ ಹೆಸರಿಗೆ ಮಾತ್ರ, ಹಿಲ್ಫ್ ಎಲ್ಲೂ ಕಾಣ್ಲಿಲ್ಲ ನಾನು!"

ಒಮ್ಮೆ ನಾನು ಕೆಣಕಿದೆ. "ಅಲ್ಲ ಮಾವ, ಪ್ರಪಂಚದಲ್ಲಿ ಇಷ್ಟೊಂದು ನೌಕಾಪಡೆಗಳಿವೆ. ಹೋಗಿ ಹೋಗಿ ಆ ತುಂಡು ಮೀಸೆಯವನ ಕಡೆಯವರೇ ಬೇಕಾಗಿತ್ತಾ ನಿಮಗೆ?"

ಮಾವ ನಗಲಿಲ್ಲ. ಪಟ್ಟಿಯೊಂದನ್ನು ನನ್ನ ಕಡೆ ತಿರುಗಿಸಿದರು. "ಕೆಟ್ಟ ಕೆಲಸ ಹೇಗೆ ನಡೆಯುತ್ತೆ ಅಂತ ತಿಳ್ಕೋಬೇಕಾದ್ರೆ ಕೂಗಾಡೋನ್ನ ನೋಡಬಾರದು ಅಳಿಯಂದ್ರೇ, ಫಾರಂ ತುಂಬೋನ್ನ ನೋಡಬೇಕು. ಹಡಗಿನ ಹೆಸರು, ಮಾಲೀಕ, ಎಷ್ಟು ಭಾರ ಹೊರುತ್ತೆ, ಎಲ್ಲಾ ಬರೆದಿದ್ದಾನೆ. ಎಷ್ಟು ಮುದ್ದಾದ ಕೈಬರಹ! ಈಗ ಕೊನೇ ಕಾಲಂ ನೋಡಿ. ವಾಪಸ್ ಕೊಟ್ಟ ದಿನ. ಖಾಲಿ. ಇಲ್ಲೂ ಖಾಲಿ. ಇದೂ ಖಾಲಿ. ಮೀನು ಹಿಡಿಯೋನ ದೋಣಿ ಕಣ್ರೀ. ಆಮೇಲೆ ಏನು ಉಂಡನೋ ಅವನು!"

ಆವತ್ತು ಮಾತ್ರ ನಾನು ಆಧಾರ ಕೇಳಲಿಲ್ಲ.

ಎರಡು ಸಾವಿರದ ಇಪ್ಪತ್ತರ ಆ ಬೇಸಿಗೆ ನಿಮಗೆ ನೆನಪಿರಬೇಕು. ಮಕ್ಕಳ ಮನೆಗೆಂದು ಆರು ತಿಂಗಳಿಗೆ ಬಂದಿದ್ದ ಹಿರಿಯರೆಲ್ಲ ವಿಮಾನ ನಿಂತು ಇಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಪೆನಾಸ್ಕಿಟೋಸಿನ ಮನೆಮನೆಯಲ್ಲೂ ರಾಗಿಹಿಟ್ಟು ಮುಗಿಯುತ್ತ ಬಂದಿತ್ತು. ಅದು ಸಿಗುವ ಅಂಗಡಿಗಳು ನಮ್ಮ ಸೆರಿಟೋಸಿನ ಪಕ್ಕದ ಆರ್ಟೀಸಿಯಾದಲ್ಲಿ. ಮಾವನಿಗೆ ಮತ್ತೇನು ಬೇಕು? ಉದ್ದನೆಯ ರಿಜಿಸ್ಟರ್ ಒಂದನ್ನು ತೆಗೆದು ಗೆರೆ ಎಳೆದರು. ಹಿಟ್ಟು ತರಲು ಪಕ್ಕದ ಬೀದಿಗಳ ಕನ್ನಡಿಗರ ಮಿನಿವ್ಯಾನುಗಳಿಗೆಲ್ಲ "ವಶಚೀಟಿ" ಹೊರಟಿತು! ಎಂಜಿನಿಯರುಗಳು ಮೀಟಿಂಗಿನ ಮಧ್ಯೆ ಎದ್ದುಬಂದು ಕೀ ಕೊಟ್ಟರು, ಅವರ ಕಾಲೇಜಿನ ಮಕ್ಕಳು ಡ್ರೈವರುಗಳಾದರು. ಕೊಡದಿದ್ದರೆ ಮಾವ ಮೂರು ದಿನ ಫೋನಿನಲ್ಲಿ ಜರ್ಮನ್ ಮಾತಾಡುತ್ತಿದ್ದರಲ್ಲ! ಆದರೆ ಪ್ರತಿ ವ್ಯಾನೂ ಅದೇ ಸಂಜೆ ತೊಳೆದು, ಒರೆಸಿ, ಟ್ಯಾಂಕ್ ತುಂಬಿಸಿ ಮಾಲೀಕರ ಮನೆಮುಂದೆ ನಿಲ್ಲುತ್ತಿತ್ತು. ಕೊನೆಯ ಕಾಲಮಿನಲ್ಲಿ ಮಾಲೀಕರ ಸಹಿ ಬಿದ್ದ ಮೇಲೆಯೇ ಮಾವ ಊಟಕ್ಕೆ ಕೂರುತ್ತಿದ್ದದ್ದು.

ಹಡಗುಗಳ ದಂಡು ಅತಿ ನಿಧಾನದ ಹಡಗಿನ ವೇಗದಲ್ಲೇ ಸಾಗಬೇಕು ಎಂಬುದು ಸಾಗರದ ನಿಯಮವಂತೆ. ಅತಿ ನಿಧಾನದ ಹಡಗು ಯಾವುದು? ಮಾವನದ್ದೇ! ಒಂದು ಸಲ ಬೆಂಗಾವಲಿಗೆಂದು ನಾನೂ ಹಿಂದೆ ಹೋಗಿದ್ದೆ. ಆರು ಮಿನಿವ್ಯಾನುಗಳು ಹಾಡುಹಗಲೇ ದೀಪ ಹಚ್ಚಿಕೊಂಡು, ಇಲ್ಲಿ ಶವಯಾತ್ರೆಯ ಕಾರುಗಳು ಸಾಗುವ ಹಾಗೆ, ಒಂದರ ಹಿಂದೊಂದು ಫ್ರೀವೇಯಲ್ಲಿ ತೆವಳುತ್ತಿದ್ದವು. ಓಷನ್‌ಸೈಡಿನಲ್ಲಿ ಗ್ಯಾಸ್ ಹಾಕಿಸಲು ನಿಲ್ಲಿಸಿದಾಗ ಪೊಲೀಸಿನವನೊಬ್ಬ ಹತ್ತಿರ ಬಂದ. ಟೋಪಿ ತೆಗೆದು, ತಲೆ ತಗ್ಗಿಸಿ, ಮೆಲ್ಲಗೆ ಹೇಳಿದ: "ಸಾರಿ ಫಾರ್ ಯುವರ್ ಲಾಸ್, ಸರ್."

ಮಾವ ಮಾಸ್ಕ್ ಸರಿಮಾಡಿಕೊಂಡು ಹೆಮ್ಮೆಯಿಂದ ಅಂದರು: "ನೋ ಲಾಸ್! ಫುಲ್ ಸ್ಟಾಕ್!"

ಈ ಕಥೆಯನ್ನು ನಾನು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ನನ್ನ ಹೆಂಡತಿ ಮಾತ್ರ "ಮೂರೇ ವ್ಯಾನು. ಪೊಲೀಸೂ ಇಲ್ಲ ಏನೂ ಇಲ್ಲ, ಹಾಗಂದಿದ್ದು ಗ್ಯಾಸ್ ಸ್ಟೇಷನ್ನಿನ ಹುಡುಗಿ" ಎನ್ನುತ್ತಾಳೆ. ಅವಳು ಅಲ್ಲಿರಲೇ ಇಲ್ಲ! ಆದರೂ ಅವಳು ಹೇಳಿದಾಗಿನಿಂದ ನನಗೆ ಆ ಹುಡುಗಿಯ ಮುಖ ನೆನಪಾಗತೊಡಗಿದೆ. ಮೂಗಿಗೆ ಒಂದು ಸಣ್ಣ ರಿಂಗ್ ಕೂಡ ಇತ್ತು.

ಇದೇ ನೆನಪಿನ ಕಾರಣಕ್ಕೆ ನನಗೂ ಮಾವನಿಗೂ ಐದು ವರ್ಷದಿಂದ ಒಂದು ಜಗಳ. ನನ್ನದು ಎರಡು ಬಾಗಿಲಿನ ಪುಟ್ಟ ಕಾರು, ನಾಲ್ಕು ಚೀಲ ಹಿಟ್ಟಿಗೇ ಉಸಿರುಗಟ್ಟುವಂಥದ್ದು. "ಅದಕ್ಕೇ ಕಾರು ಬಿಟ್ಟು ನಿಮ್ಮನ್ನೇ ವಶಕ್ಕೆ ಬರ್ಕೊಂಡಿದ್ದೀನಿ. ನೀವೇ ಸಹಿ ಹಾಕಿದ್ದೀರಿ," ಎನ್ನುತ್ತಾರೆ ಮಾವ.

"ನಾನು ಹಾಕಿಲ್ಲ. ಆಧಾರ ತೋರಿಸಿ!"

"ರಿಜಿಸ್ಟರಲ್ಲಿದೆ. ಕಚೇರಿ ದಾಖಲೆ, ಹಾಗೆಲ್ಲ ತೋರಿಸೋಕ್ಕಾಗಲ್ಲ."

ಇಷ್ಟು ಹೊತ್ತಿಗೆ ಪೆನಾಸ್ಕಿಟೋಸ್ ಬಂದಿತ್ತು. ಎದುರುಮನೆಯವರ ಹೊಸ ಅಂಚೆಪೆಟ್ಟಿಗೆ ಇಟ್ಟಿಗೆಯ ಗೂಡಿನೊಳಗೆ ಕೋಟೆಯ ಬುರುಜಿನಂತೆ ನಿಂತಿತ್ತು. ಅತ್ತೆ ಬಾಗಿಲು ತೆರೆದು, ಕಣ್ಣಿನಲ್ಲೇ ಕಿರಿಕ್ ಸ್ಟೇಷನ್ನಿನ ಕಡೆ ತೋರಿಸಿ ಕಾಫಿಗೆ ಹೋದರು.

ಮಾವ ಮೇಜಿನ ಮುಂದೆ ಕೂತಿದ್ದರು. ಕೈಯಲ್ಲಿ ದೊಡ್ಡ ಭೂತಗನ್ನಡಿ, ಎದುರಿಗೆ ಹಡಗಿನ ಪಟ್ಟಿ. ಪಟ್ಟಿ ತಲೆಕೆಳಗಾಗಿತ್ತು.

ದಾರಿಯಲ್ಲಿ ನಾನು ಕಟ್ಟಿಕೊಂಡು ಬಂದಿದ್ದ ಭಾಷಣ ಅಲ್ಲೇ ಮುರಿದುಬಿತ್ತು.

"ಬಂದ್ರಾ ಅಳಿಯಂದ್ರೇ? ವಶಪಡಿಸಿಕೊಳ್ಳೋಕ್ಕೆ ಬಂದಿದ್ದೀರಿ, ಅಲ್ವಾ?"

"ಮಾವ, ಅದು... ಡಾಕ್ಟರು..."

"ಚೀಟಿ ಎಲ್ಲಿ?"

"ಯಾವ ಚೀಟಿ?"

"ರೀ, ಚೀಟಿ ಇಲ್ದೆ ಹಡಗು ತಗೊಂಡು ಹೋಗೋನ್ನ ಏನಂತಾರೆ? ಕಡಲ್ಗಳ್ಳ ಅಂತಾರೆ!" ಮಾವ ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು. "ಕ್ರಮವಾಗಿ ಬರೀರಿ. ಮೊದಲನೇ ಪುಟ ತೆಗೀರಿ, ಅದರಲ್ಲಿ ಹೇಗಿದೆಯೋ ಹಾಗೆ." ಆಮೇಲೆ ಬೇರೆ ದನಿಯಲ್ಲಿ ಹೇಳಿದರು. "ನಾನೇ ಬರೀತಿದ್ದೆ. ಗೆರೆಗಳು ಎಲ್ಲಿ ಹೋಗ್ತವೋ ಗೊತ್ತಾಗ್ತಿಲ್ಲ."

ಕಣ್ಣು ಕಾಣುವುದಿಲ್ಲವೆಂದು ಅವರು ಯಾರಲ್ಲಾದರೂ ಒಪ್ಪಿಕೊಂಡಿದ್ದು ಅದೇ ಮೊದಲು. ನಾನು ತಲೆ ತಗ್ಗಿಸಿ ಪುಟ ತಿರುಗಿಸಿದೆ.

ಮೊದಲನೇ ಪುಟದಲ್ಲಿ ಇದ್ದದ್ದು ನಾನು!

ಹಡಗು: ಅಳಿಯ. ಮಾಲೀಕರು: ನನ್ನ ಸೋದರಸೊಸೆ. ಉದ್ದೇಶ: ಎಲ್ಲದಕ್ಕೂ. ದೋಷ: ಪ್ರಶ್ನೆ ಕೇಳುತ್ತದೆ. ಕೆಳಗೆ ನನ್ನ ಸಹಿ. ನನ್ನದೇ, ಅನುಮಾನವಿಲ್ಲ. ಬಾಲ ಹೀಗೆ ಸೊಟ್ಟಗೆ ಎಳೆಯುವವರು ಪ್ರಪಂಚದಲ್ಲಿ ಇನ್ನೊಬ್ಬರಿಲ್ಲ. ಯಾವತ್ತು ಹಾಕಿದೆ? ಯಾವ ಪೆನ್ನಿನಲ್ಲಿ? ಎಷ್ಟು ಕೆದಕಿದರೂ ನೆನಪಾಗಲಿಲ್ಲ.

ಬೇರೆ ಪುಟಗಳನ್ನೆಲ್ಲ ಸರಸರ ತಿರುವಿದೆ. ಒಂದೊಂದು ವ್ಯಾನಿನ ಮುಂದೆಯೂ ಕೊನೆಯ ಕಾಲಮಿನಲ್ಲಿ ದಿನಾಂಕ, ಸಹಿ. ಒಂದೂ ಖಾಲಿಯಿಲ್ಲ. ಮತ್ತೆ ಮೊದಲ ಪುಟಕ್ಕೆ ಬಂದೆ. ನನ್ನ ಹೆಸರಿನ ಮುಂದೆ, "ವಾಪಸ್" ಎನ್ನುವ ಕಾಲಮಿನಲ್ಲಿ, ಮಾವನ ಆಗಿನ ಗುಂಡು ಗುಂಡು ಅಕ್ಷರದಲ್ಲಿ ಎರಡೇ ಮಾತು:

ಕೊಡುವ ಮನಸ್ಸಿಲ್ಲ.

"ಸಿಕ್ತಾ?" ಎಂದರು ಮಾವ.

"ಸಿಕ್ತು ಮಾವ."

"ಮತ್ತೆ ಬರೀರಿ."

ಬರೆದೆ. ಹಡಗು: ಮಿನಿವ್ಯಾನ್. ಮಾಲೀಕರು: ಮಾವ. ಕೊನೆಯ ಕಾಲಮಿಗೆ ಬಂದು ಪೆನ್ನು ನಿಂತಿತು. ವಾಪಸ್. ಏನು ಬರೆಯಲಿ? ಮಾವ ಕತ್ತು ಚಾಚಿ ಕಾಯುತ್ತಿದ್ದರು. ಪೆನ್ನಿನ ಸದ್ದು ನಿಂತದ್ದು ಅವರಿಗೆ ಗೊತ್ತಾಗಿತ್ತು.

"ಸುಳ್ಳು ಬರೀಬೇಡಿ," ಎಂದರು ಮೆಲ್ಲಗೆ. "ಖಾಲಿನೂ ಬಿಡಬೇಡಿ."

ಅಡುಗೆಮನೆಯಲ್ಲಿ ಅತ್ತೆಯ ಲೋಟಗಳ ಸದ್ದೂ ನಿಂತಿತ್ತು. ನಾನು ಬರೆದೆ.

"ಓದಿ."

"ಪ್ರತಿ ಶನಿವಾರ ಬೆಳಿಗ್ಗೆ, ಡ್ರೈವರ್ ಸಮೇತ."

ಮಾವ ತಲೆಯೆತ್ತಿದರು. "ಡ್ರೈವರ್ ಯಾರಂತೆ?"

"ಹಿಲ್ಫ್ಸ್ ಅಳಿಯ."

ಅವರು ಜೇಬಿನಿಂದ ಕೀ ತೆಗೆದು ರಿಜಿಸ್ಟರಿನ ಪಕ್ಕದಲ್ಲಿಟ್ಟರು. ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಬಗ್ಗಿ, ಅತ್ತಿತ್ತ ಹುಡುಕಿ, ಕೇಳಿದರು: "ಎಲ್ಲಿ ಹಾಕಲಿ?"

ನಾನು ಅವರ ಬೆರಳು ಹಿಡಿದು ಜಾಗ ತೋರಿಸಿದೆ.